ಹಳೆಯ ಪಿನ್‌ಬಾಲ್ ಯಂತ್ರದ ಬಿಡಿಭಾಗ: ಹುಡುಕುವ ಮೊದಲು ಪತ್ತೆಹಚ್ಚಬೇಕಾದದ್ದು

ಹಳೆಯ ಪಿನ್‌ಬಾಲ್ ಯಂತ್ರವೊಂದನ್ನು ಮುಂಬಯಿಯಲ್ಲಿ ಮತ್ತೆ ಆಡುವ ಸ್ಥಿತಿಗೆ ತರಲು ಹೊರಟವರು ಸಾಮಾನ್ಯವಾಗಿ ಮೊದಲು ಬಿಡಿಭಾಗಗಳ ಪಟ್ಟಿಯೊಂದನ್ನು ಬರೆದುಕೊಂಡು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೋ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಗೋ ಹೋಗುತ್ತಾರೆ. ಬಿಡಿಭಾಗದ ಹುಡುಕಾಟ ದೋಷಪತ್ತೆಯ ಕೊನೆಯ ಹಂತವಾಗಬೇಕೇ ಹೊರತು ಮೊದಲನೆಯದಲ್ಲ. ಕೆಟ್ಟಿದೆಯೆಂದು ನಾವು ಭಾವಿಸಿದ ಭಾಗ ಹಲವು ಬಾರಿ ಕೆಟ್ಟೇ ಇರುವುದಿಲ್ಲ. ನಿಜವಾಗಿ ಕೆಟ್ಟ ಭಾಗವನ್ನು ಅದರ ಹೆಸರು ಹೇಳಿ ಕೇಳಿದರೆ ಇಲ್ಲಿನ ಅಂಗಡಿಯವರಿಗೆ ಅರ್ಥವಾಗುವುದಿಲ್ಲ, ಅಳತೆ ಹೇಳಿ ಕೇಳಿದರೆ ಬಹುಪಾಲು ಇಲ್ಲೇ ಸಿಗುತ್ತದೆ.

ಇಲ್ಲಿ ಎರಡು ಬಗೆಯ ಯಂತ್ರಗಳು ಗಮನದಲ್ಲಿವೆ. 1970ರ ದಶಕದ ಕೊನೆಯವರೆಗೆ ತಯಾರಾದ, ರಿಲೇ (ವಿದ್ಯುತ್ತಿನಿಂದ ಎಳೆದುಕೊಳ್ಳುವ ಸ್ವಿಚ್ಚು), ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗಿ ಎಣಿಸುವ ಸ್ವಿಚ್ಚು) ಮತ್ತು ಆಟದ ಕ್ರಮವನ್ನು ನಡೆಸುವ ಸ್ಕೋರ್ ಮೋಟರುಗಳಿಂದ ನಡೆಯುವ ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರಗಳು ಒಂದು ಬಗೆ. ಆ ಹೊತ್ತಿಗೆ ಅವುಗಳ ಜಾಗಕ್ಕೆ ಬಂದ, ಮೈಕ್ರೊಪ್ರೊಸೆಸರ್ ಇರುವ ಸಾಲಿಡ್ ಸ್ಟೇಟ್ ಯಂತ್ರಗಳು ಇನ್ನೊಂದು. ಶಿಕಾಗೊದ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಂಬ ಮೂರು ಹೆಸರುಗಳೇ ಹೆಚ್ಚಾಗಿ ಎದುರಾಗುತ್ತವೆ. ಗಾಟ್ಲೀಬ್ ಹೆಸರಿನ ತಯಾರಿಕೆ 1996ರಲ್ಲಿ, ವಿಲಿಯಮ್ಸ್‌ನ ಪಿನ್‌ಬಾಲ್ ವಿಭಾಗ 1999ರಲ್ಲಿ ನಿಂತುಹೋದವು. ಆದ್ದರಿಂದ ಮೂಲ ತಯಾರಕರಿಂದ ಭಾಗ ತರಿಸುವ ದಾರಿ ಮುಚ್ಚಿದೆ. ಅಮೆರಿಕ ಮತ್ತು ಯುರೋಪಿನಲ್ಲಿ ಮರುತಯಾರಿಕೆಯ ಭಾಗ ಮಾರುವವರು ಇದ್ದಾರೆ, ಆದರೆ ಸಾಗಣೆ ಮತ್ತು ಸುಂಕ ಸೇರಿದರೆ ಒಂದು ಸಣ್ಣ ಸ್ಪ್ರಿಂಗಿನ ಬೆಲೆಯೂ ಹಾಸ್ಯಾಸ್ಪದವಾಗುತ್ತದೆ.

ವಿದ್ಯುತ್ ಕೊಡುವ ಮೊದಲು

ಯಂತ್ರ ಸತ್ತಂತಿದೆ, ಒಂದು ದೀಪವೂ ಹತ್ತುವುದಿಲ್ಲ ಎಂಬುದು ಅತ್ಯಂತ ಸಾಮಾನ್ಯವಾದ ದೂರು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಯಂತ್ರ 115ರಿಂದ 120 ವೋಲ್ಟ್, 60 ಹರ್ಟ್ಸ್‌ನದು. ನಮ್ಮ ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಹಿಂದಿನ ಮಾಲೀಕರು ಯಾರಾದರೂ ಅದನ್ನು ನೇರವಾಗಿ ಚುಚ್ಚಿರಬಹುದೆಂಬ ಅನುಮಾನದಿಂದಲೇ ಕೆಲಸ ಆರಂಭಿಸಬೇಕು. ಪ್ಲಗ್ ಕಿತ್ತಿಟ್ಟು, ಟ್ರಾನ್ಸ್‌ಫಾರ್ಮರಿನ ಪ್ರೈಮರಿ ತಂತಿಗಳ ನಡುವಿನ ರೋಧವನ್ನು ಅಳೆಯಿರಿ. ಕೆಲವು ಓಮ್ ತೋರಿಸಿದರೆ ಸುರುಳಿ ತುಂಡಾಗಿಲ್ಲವೆಂದಷ್ಟೇ ತಿಳಿಯುತ್ತದೆ; ಅಂಚುಗಳಲ್ಲಿ ವಾರ್ನಿಷ್ ಕರಗಿ ಸುಟ್ಟ ವಾಸನೆ ಬರುತ್ತಿದ್ದರೆ ಮೀಟರ್ ಏನೇ ಹೇಳಲಿ, ಅದನ್ನು ನಂಬಬಾರದು. ಅನಂತರ ಟ್ಯಾಪುಗಳ, ಅಂದರೆ ಬೇರೆ ಬೇರೆ ವೋಲ್ಟೇಜಿಗೆಂದು ಸುರುಳಿಯಿಂದ ಹೊರತೆಗೆದ ತಂತಿಗಳ, ಗುರುತನ್ನು ಓದಿ: ರಫ್ತಿಗೆಂದು ತಯಾರಾದ ಯಂತ್ರಗಳಲ್ಲಿ 220 ಅಥವಾ 240 ವೋಲ್ಟಿನ ಟ್ಯಾಪ್ ಇರುವುದುಂಟು, ಆಗ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಟ್ಯಾಪ್ ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಶೇವರಿಗೂ ರೇಡಿಯೊಗೂ ಮಾರುವ ನೂರು ವ್ಯಾಟಿನ ಪುಟ್ಟ ಡಬ್ಬಿ ಇದಕ್ಕೆ ಸಾಲದು. ಕನಿಷ್ಠ 500 ವಿಎ ಸಾಮರ್ಥ್ಯದ್ದನ್ನು ಹೇಳಿ ಸುತ್ತಿಸಿಕೊಳ್ಳುವುದು ಒಳ್ಳೆಯದು, ಲೋಹಾರ್ ಚಾಳ್ ಮತ್ತು ಲ್ಯಾಮಿಂಗ್ಟನ್ ರಸ್ತೆಯ ಸುತ್ತಮುತ್ತ ಇಂಥ ಆರ್ಡರ್ ತೆಗೆದುಕೊಳ್ಳುವವರು ಸಿಗುತ್ತಾರೆ. ಹೊರಬರುವ ವೋಲ್ಟೇಜನ್ನು 120ರ ಬದಲು 110 ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಇಡಿಸಿ. 60 ಹರ್ಟ್ಸ್‌ಗೆಂದು ವಿನ್ಯಾಸಗೊಂಡ ಕಬ್ಬಿಣದ ತಿರುಳಿಗೆ ಅಷ್ಟೇ ವೋಲ್ಟೇಜನ್ನು 50 ಹರ್ಟ್ಸ್‌ನಲ್ಲಿ ಕೊಟ್ಟರೆ ಕಾಂತೀಯ ಹೊರೆ ಶೇಕಡಾ 20ರಷ್ಟು ಹೆಚ್ಚುತ್ತದೆ ಮತ್ತು ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಬಹಳಷ್ಟು ಟ್ರಾನ್ಸ್‌ಫಾರ್ಮರುಗಳು ಇದನ್ನು ತಡೆದುಕೊಳ್ಳುತ್ತವೆ. ಆದರೂ ಅರ್ಧ ಗಂಟೆಯ ನಂತರ ಕೈಯಿಟ್ಟು ನೋಡುವ ಅಭ್ಯಾಸ ಇರಲಿ. ಸ್ಕೋರ್ ಮೋಟರ್ ನಿಧಾನವಾಗಿ ತಿರುಗುವುದೂ ಇದೇ 50 ಹರ್ಟ್ಸ್‌ನ ಪರಿಣಾಮವಾಗಿರಬಹುದು. ಅಷ್ಟಕ್ಕೇ ಹೊಸ ಮೋಟರ್ ಹುಡುಕುತ್ತ ಹೋಗಬೇಡಿ.

ಫ್ಯೂಸಿನ ವಿಷಯ ಸಣ್ಣದು, ಅಪಾಯ ದೊಡ್ಡದು. ಅಮೆರಿಕದ ಯಂತ್ರಗಳಲ್ಲಿರುವುದು 6.3 ಮತ್ತು 32 ಮಿಲಿಮೀಟರ್ ಅಳತೆಯ ಗಾಜಿನ ಫ್ಯೂಸ್; ಇಲ್ಲಿ ಎಲ್ಲೆಡೆ ಸಿಗುವುದು 5 ಮತ್ತು 20 ಮಿಲಿಮೀಟರಿನದು. ಉದ್ದದ ಫ್ಯೂಸೂ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತದೆ, ಕೇಳಿ ಪಡೆಯಬೇಕಷ್ಟೆ. ಕಾಯಿಲುಗಳ (ಭಾಗಗಳನ್ನು ಎಳೆಯುವ ವಿದ್ಯುತ್ಕಾಂತದ ಸುರುಳಿಗಳ) ಸಾಲಿಗೆ ಸ್ಲೋ ಬ್ಲೋ, ಅಂದರೆ ಕ್ಷಣಿಕ ಹೊರೆಗೆ ಹಾರದ ನಿಧಾನದ ಫ್ಯೂಸ್, ಎಂದು ನಕ್ಷೆ ಹೇಳಿದ್ದರೆ ಅದನ್ನೇ ಹಾಕಬೇಕು. ಸಿಗಲಿಲ್ಲವೆಂದು ಫ್ಯೂಸಿನ ಮೇಲೆ ತಂತಿಯ ಎಳೆ ಸುತ್ತುವ ನಮ್ಮ ದೇಶೀಯ ವಿದ್ಯೆಯನ್ನು ಇಲ್ಲಿ ದಯವಿಟ್ಟು ಪ್ರಯೋಗಿಸಬೇಡಿ. ಎರಡು ಪಿನ್ನಿನ ಹಳೆಯ ಪ್ಲಗ್ ಇದ್ದರೆ ಮೂರು ಪಿನ್ನಿನ ಕೇಬಲ್ ಹಾಕಿ, ಟ್ರಾನ್ಸ್‌ಫಾರ್ಮರಿನ ಚೌಕಟ್ಟು, ನಾಣ್ಯದ ಬಾಗಿಲು, ಕಾಲುಗಳು ಮತ್ತು ಪಕ್ಕದ ಲೋಹದ ಪಟ್ಟಿಗಳಿಗೆ ಅರ್ಥ್ ಜೋಡಿಸುವುದು ಯಾವ ಬಿಡಿಭಾಗಕ್ಕಿಂತಲೂ ಮೊದಲ ಖರ್ಚಾಗಬೇಕು.

ಭಾಗವೇ ಬೇಡದ ದೋಷ

ಸ್ಟಾರ್ಟ್ ಬಟನ್ ಒತ್ತಿದೊಡನೆ ಸ್ಕೋರ್ ಮೋಟರ್ ತಿರುಗಲಾರಂಭಿಸಿ ನಿಲ್ಲುವುದೇ ಇಲ್ಲ ಎನ್ನುವವರು ಮೋಟರ್ ಕೆಟ್ಟಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರದಲ್ಲಿ ಹೊಸ ಆಟ ಆರಂಭವಾಗುವ ಕ್ರಮವನ್ನು ಬಲ್ಲವರಿಗೆ ಇದು ಮೋಟರಿನ ದೋಷವಲ್ಲವೆಂದು ಕೂಡಲೇ ಹೊಳೆಯುತ್ತದೆ. ರಿಸೆಟ್ ರಿಲೇ ಎಳೆದುಕೊಂಡ ಮೇಲೆ ಅಂಕದ ಚಕ್ರಗಳೆಲ್ಲ ಸೊನ್ನೆಗೆ ಬರುವವರೆಗೂ ಮೋಟರ್ ತಿರುಗುತ್ತಲೇ ಇರಬೇಕು. ಪ್ರತಿ ಚಕ್ರವೂ ಸೊನ್ನೆ ತಲುಪಿದಾಗ ಅದರ ಹಿಂದಿನ ಸ್ವಿಚ್ ತನ್ನ ಸ್ಥಿತಿ ಬದಲಿಸಿ ಸುದ್ದಿ ಕೊಡುತ್ತದೆ. ಒಂದೇ ಒಂದು ಚಕ್ರ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ, ಅಥವಾ ಸೊನ್ನೆಗೆ ಬಂದರೂ ಅದರ ಸ್ವಿಚ್ಚಿನ ಬಿಂದುಗಳು ಕಪ್ಪಾಗಿದ್ದರೆ, ಯಂತ್ರ ಆ ಸುದ್ದಿಗಾಗಿ ಕಾಯುತ್ತಲೇ ಇರುತ್ತದೆ. ಮುಂಬಯಿಯ ಮಳೆಗಾಲ ಕಳೆದ ಮೇಲೆ ಈ ದೂರು ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಪರೀಕ್ಷೆ ಸುಲಭ. ಚಕ್ರಗಳನ್ನು ಒಂದೊಂದಾಗಿ ಕೈಯಿಂದ ಸೊನ್ನೆಗೆ ತನ್ನಿ. ಯಾವುದನ್ನು ತಂದಾಗ ಮೋಟರ್ ನಿಲ್ಲುತ್ತದೋ ಅಲ್ಲಿಯೇ ದೋಷವಿದೆ. ಎಲ್ಲವೂ ಸೊನ್ನೆಯಲ್ಲಿದ್ದೂ ನಿಲ್ಲದಿದ್ದರೆ ಪ್ಲಗ್ ತೆಗೆದು, ಪ್ರತಿ ಸೊನ್ನೆ ಸ್ವಿಚ್ಚಿನ ಮೇಲೆ ಕಂಟಿನ್ಯೂಟಿ ಅಳೆಯಿರಿ. ರಿಲೇಗಳ ಬೆಳ್ಳಿಯ ಬಿಂದುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಬಾರದು. ದಪ್ಪ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಬಿಂದುಗಳ ನಡುವೆ ಇಟ್ಟು ಎಳೆದರೆ ಸಾಕಾಗುತ್ತದೆ. ಫ್ಲಿಪ್ಪರಿನ (ಬಟನ್ ಒತ್ತಿದಾಗ ಎದ್ದು ಚೆಂಡನ್ನು ಹೊಡೆಯುವ ತೋಳಿನ) ಸ್ವಿಚ್ಚುಗಳಲ್ಲಿರುವ ಟಂಗ್‌ಸ್ಟನ್ ಬಿಂದುಗಳು ಮಾತ್ರ ಇದಕ್ಕೆ ಬಗ್ಗುವುದಿಲ್ಲ, ಅವಕ್ಕೆ ಸಣ್ಣ ಲೋಹದ ಅರವೇ ಬೇಕು. ಸ್ಟೆಪ್ಪರ್ ಸಿಕ್ಕಿಕೊಂಡಿದ್ದರೆ ಅದು ಸವೆದಿದೆಯೆಂದುಕೊಳ್ಳುವ ಮುನ್ನ, ದಶಕಗಳ ಹಿಂದೆ ಹಚ್ಚಿದ ಗ್ರೀಸ್ ಗಟ್ಟಿಯಾಗಿ ಅಂಟಿನಂತಾಗಿದೆಯೇ ನೋಡಿ. ಬಿಚ್ಚಿ ತೊಳೆದ ಸ್ಟೆಪ್ಪರುಗಳಲ್ಲಿ ಬಹುಪಾಲು ಮತ್ತೆ ನಡೆಯುತ್ತವೆ.

ಫ್ಲಿಪ್ಪರ್ ಸೋತಾಗ

ಬಿಡಿಭಾಗದ ಹುಡುಕಾಟದಲ್ಲಿ ಅತಿ ಹೆಚ್ಚು ಹಣ ಪೋಲಾಗುವುದು ಫ್ಲಿಪ್ಪರಿನ ಕಾಯಿಲಿಗಾಗಿ. ಅದರೊಳಗೆ ಎರಡು ಸುರುಳಿಗಳಿವೆ: ಹೊಡೆತಕ್ಕೆ ದಪ್ಪ ತಂತಿಯ, ಕೆಲವೇ ಓಮ್‌ಗಳ ಸುರುಳಿ, ಎತ್ತಿಹಿಡಿಯಲು ತೆಳು ತಂತಿಯ, ಹೆಚ್ಚು ರೋಧದ ಸುರುಳಿ. ಫ್ಲಿಪ್ಪರ್ ಮೇಲಕ್ಕೆ ಹೋಗಿ ಮುಟ್ಟುವ ಹೊತ್ತಿಗೆ ಎಂಡ್ ಆಫ್ ಸ್ಟ್ರೋಕ್ ಎಂಬ ಸ್ವಿಚ್ ತೆರೆದುಕೊಂಡು ಎರಡನೆಯ ಸುರುಳಿಯನ್ನು ಸರಣಿಗೆ ಸೇರಿಸುತ್ತದೆ ಮತ್ತು ವಿದ್ಯುತ್ ಪ್ರವಾಹ ಇಳಿಯುತ್ತದೆ. ಈ ಸ್ವಿಚ್ ತೆರೆಯದಿದ್ದರೆ ಬಟನ್ ಹಿಡಿದು ನಿಂತ ಆಟಗಾರ ಕಾಯಿಲನ್ನು ಸುಡುತ್ತಾನೆ. ಅದು ಕೊಳೆಯಾಗಿ ಸರಿಯಾಗಿ ಮುಚ್ಚದಿದ್ದರೆ ಮೊದಲಿನಿಂದಲೇ ತೆಳು ಸುರುಳಿ ಸಾಲಿನಲ್ಲಿದ್ದು ಫ್ಲಿಪ್ಪರ್ ಜೀವವಿಲ್ಲದಂತೆ ಏಳುತ್ತದೆ. ಅಂದರೆ ಸುಟ್ಟ ಕಾಯಿಲಿಗೂ ಸೋತ ಫ್ಲಿಪ್ಪರಿಗೂ ಹಲವು ಸಲ ಕಾರಣ ಒಂದೇ ಸ್ವಿಚ್. ಅದನ್ನು ಸರಿಪಡಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಹೋಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಯಂತ್ರದ ಪ್ಲಗ್ ತೆಗೆದು, ಕಾಯಿಲಿನ ಒಂದು ತಂತಿಯನ್ನು ಬಿಡಿಸಿ, ಸ್ವಿಚ್ ಮುಚ್ಚಿರುವಾಗ ಒಮ್ಮೆ ಮತ್ತು ಅದರ ನಡುವೆ ಕಾಗದದ ಚೂರನ್ನಿಟ್ಟು ಇನ್ನೊಮ್ಮೆ ರೋಧ ಅಳೆಯಿರಿ. ಮೊದಲ ಅಳತೆ ಕೆಲವು ಓಮ್, ಎರಡನೆಯದು ಅದರ ಹಲವು ಪಟ್ಟು ಬಂದರೆ ಕಾಯಿಲೂ ಸ್ವಿಚ್ಚೂ ಚೆನ್ನಾಗಿವೆ. ಎರಡೂ ಅಳತೆ ಒಂದೇ ಆಗಿ, ಕಡಿಮೆಯಿದ್ದರೆ ತೆಳು ಸುರುಳಿ ಶಾರ್ಟ್ ಆಗಿದೆ. ಎರಡೂ ಹೆಚ್ಚಿದ್ದರೆ ಸ್ವಿಚ್ ಮುಚ್ಚುತ್ತಿಲ್ಲ. ಎಡಬಲದ ಫ್ಲಿಪ್ಪರುಗಳಿಗೆ ಸಾಮಾನ್ಯವಾಗಿ ಒಂದೇ ಕಾಯಿಲ್ ಇರುವುದರಿಂದ ಹೋಲಿಸಲು ಬೇಕಾದ ಮಾದರಿ ಯಂತ್ರದೊಳಗೇ ಸಿದ್ಧವಾಗಿದೆ. ಅಳತೆ ಸರಿಯಿದ್ದೂ ಶಕ್ತಿಯಿಲ್ಲದಿದ್ದರೆ ಕ್ಯಾಬಿನೆಟ್ ಬಟನ್ನಿನ ಸ್ವಿಚ್ಚನ್ನು, ಅನಂತರ ಪ್ಲಂಜರ್ ಚಲಿಸುವ ಸ್ಲೀವನ್ನು, ಕೊನೆಗೆ ಸವೆದ ಲಿಂಕನ್ನು ನೋಡಿ. ಹಿತ್ತಾಳೆಯ ಸ್ಲೀವ್ ಇದ್ದರೆ ಅದನ್ನು ಕಿತ್ತು ನೈಲಾನಿನದನ್ನು ಹಾಕಬಹುದು. ಎಣ್ಣೆ ಹಾಕಬೇಕೆಂಬ ಆಸೆಯನ್ನು ಮಾತ್ರ ಅದುಮಿಟ್ಟುಕೊಳ್ಳಬೇಕು, ಏಕೆಂದರೆ ಎಣ್ಣೆ ಧೂಳನ್ನು ಹಿಡಿದು ಅದೇ ಸ್ಲೀವನ್ನು ಕೆಸರು ಮಾಡುತ್ತದೆ.

ಕಾಯಿಲ್ ನಿಜವಾಗಿ ಸುಟ್ಟಿದೆ ಎಂದು ಖಚಿತವಾದ ಮೇಲೆ ಅದರ ಸುತ್ತಲಿನ ಕಾಗದವನ್ನು ಹರಿಯದೆ ತೆಗೆಯಿರಿ. ಬ್ಯಾಲಿ ಮತ್ತು ವಿಲಿಯಮ್ಸ್ ಕಾಯಿಲುಗಳಲ್ಲಿ ಬರೆದಿರುವ ಸಂಖ್ಯೆಯೇ ತಯಾರಿಕೆಯ ಸೂತ್ರ: ಎಇ-26-1500 ಎಂದಿದ್ದರೆ 26 ಗೇಜಿನ ತಂತಿಯ 1500 ಸುತ್ತು, ಎಕ್ಯೂ-25-500/34-4500 ಎಂದಿದ್ದರೆ 25 ಗೇಜಿನ 500 ಸುತ್ತಿನ ಮೇಲೆ 34 ಗೇಜಿನ 4500 ಸುತ್ತು. ಗಾಟ್ಲೀಬ್‌ನ ಎ-5141ರಂತಹ ಸಂಖ್ಯೆಗಳು ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಅಲ್ಲಿ ಪಕ್ಕದ ಕಾಯಿಲಿನ ರೋಧವನ್ನೇ ಆಧಾರವಾಗಿಟ್ಟುಕೊಂಡು, ಸುಟ್ಟದ್ದನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಬೇಕು.

ಇನ್ನು ಈ ಸೂತ್ರ ಹಿಡಿದು ರಿವೈಂಡಿಂಗ್ ಅಂಗಡಿಗೆ ಹೋಗುವವರು ಒಂದು ವಿಷಯವನ್ನು ಮರೆಯುವಂತಿಲ್ಲ. ಅಮೆರಿಕದ ಗೇಜ್ ಎಡಬ್ಲ್ಯೂಜಿ; ನಮ್ಮ ಅಂಗಡಿಗಳಲ್ಲಿ ತಾಮ್ರದ ಎನಾಮೆಲ್ ತಂತಿ ಮಾರಾಟವಾಗುವುದು ಬ್ರಿಟಿಷ್ ಪದ್ಧತಿಯ ಎಸ್‌ಡಬ್ಲ್ಯೂಜಿ ಲೆಕ್ಕದಲ್ಲಿ. 26 ಎಡಬ್ಲ್ಯೂಜಿಯ ವ್ಯಾಸ 0.405 ಮಿಲಿಮೀಟರ್, 26 ಎಸ್‌ಡಬ್ಲ್ಯೂಜಿಯದು 0.457. ಇಪ್ಪತ್ತಾರು ಎಂದು ಕೇಳಿ ಇಪ್ಪತ್ತಾರನ್ನೇ ಪಡೆದರೆ ಅಷ್ಟು ಸುತ್ತುಗಳು ಬಾಬಿನ್ನಿನಲ್ಲಿ ಹಿಡಿಯುವುದಿಲ್ಲ. ಹೇಗೋ ಹಿಡಿಸಿದರೂ ರೋಧ ಐದನೆಯ ಒಂದು ಭಾಗದಷ್ಟು ಇಳಿದು ಕಾಯಿಲ್ ಬಿಸಿಯಾಗುತ್ತದೆ. 26 ಎಡಬ್ಲ್ಯೂಜಿಗೆ ಹತ್ತಿರದ್ದು 27 ಎಸ್‌ಡಬ್ಲ್ಯೂಜಿ, ಅಂದರೆ 0.417 ಮಿಲಿಮೀಟರ್, 23 ಎಡಬ್ಲ್ಯೂಜಿಗೆ 24 ಎಸ್‌ಡಬ್ಲ್ಯೂಜಿ. ಗೇಜಿನ ಮಾತನ್ನೇ ಬಿಟ್ಟು ಮಿಲಿಮೀಟರಿನಲ್ಲಿ ಬರೆದುಕೊಟ್ಟು, ಅಂಗಡಿಯಲ್ಲೇ ಮೈಕ್ರೊಮೀಟರ್ ಹಿಡಿಸಿ ನೋಡುವುದು ಎಲ್ಲಕ್ಕಿಂತ ಸುರಕ್ಷಿತ. ಕುರ್ಲಾದ ಕಡೆಯ ಇಂಥದೊಂದು ಅಂಗಡಿಯಲ್ಲಿ ಕುಂದಾಪುರದ ಕಡೆಯ ಕುಶಲಿಯೊಬ್ಬರು ಕಾಯಿಲನ್ನು ತಿರುಗಿಸಿ ನೋಡಿ, "ಎಂಥ ಮಾರಾಯ್ರೆ, ಇದು ಫ್ಯಾನಿನದ್ದೂ ಅಲ್ಲ, ಮಿಕ್ಸಿಯದ್ದೂ ಅಲ್ಲ" ಎಂದರು. ವ್ಯಾಸ, ಸುತ್ತು, ದಿಕ್ಕು ಮತ್ತು ನಡುವಿನ ತಂತಿ ಹೊರಬರುವ ಜಾಗ ಬರೆದ ಚೀಟಿ ಕೊಟ್ಟ ಮೇಲೆ ಯಂತ್ರದ ಹೆಸರನ್ನು ಕೇಳುವ ಅಗತ್ಯವೂ ಅವರಿಗೆ ಬೀಳಲಿಲ್ಲ. ಮೂಲ ಬಾಬಿನ್ನನ್ನು ಮಾತ್ರ ಎಸೆಯಲು ಬಿಡಬೇಡಿ. ಸುಟ್ಟು ಸೊಟ್ಟಗಾಗದಿದ್ದರೆ ಅದಕ್ಕಿಂತ ಒಳ್ಳೆಯ ಅಚ್ಚು ಸಿಗುವುದಿಲ್ಲ.

ಬೇರೆ ಯಂತ್ರದಿಂದ ಕಳಚಿದ ಕಾಯಿಲ್ ಹಾಕುವವರಿಗೆ ಇನ್ನೊಂದು ಎಚ್ಚರಿಕೆ. ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರಗಳ ಕಾಯಿಲುಗಳು ಹೆಚ್ಚಾಗಿ ಎಸಿಯಲ್ಲಿ ನಡೆಯುತ್ತವೆ, ಅವಕ್ಕೆ ಡಯೋಡ್ ಇರುವುದಿಲ್ಲ. ಸಾಲಿಡ್ ಸ್ಟೇಟ್ ಯಂತ್ರದ ಕಾಯಿಲಿನ ಮೇಲೆ 1ಎನ್4004ರಂತಹ ಡಯೋಡ್ ಇರಲೇಬೇಕು. ಡಯೋಡ್ ಇರುವುದನ್ನು ಎಸಿಗೆ ಹಾಕಿದರೆ ಫ್ಯೂಸ್ ಹಾರುತ್ತದೆ, ಇಲ್ಲದ್ದನ್ನು ಡಿಸಿಗೆ ಹಾಕಿದರೆ ಡ್ರೈವರ್ ಟ್ರಾನ್ಸಿಸ್ಟರ್ ಸಾಯುತ್ತದೆ. ಗಾಟ್ಲೀಬ್‌ನ ಹಳೆಯ ಯಂತ್ರಗಳು 25 ವೋಲ್ಟಿನ ಆಸುಪಾಸಿನಲ್ಲಿ ನಡೆದರೆ ಬ್ಯಾಲಿಯ ಹಲವು ಯಂತ್ರಗಳು 50 ವೋಲ್ಟಿನವು. ಗಾತ್ರ ಒಂದೇ ಎಂಬ ಕಾರಣಕ್ಕೆ ಅದಲುಬದಲು ಮಾಡುವಂತಿಲ್ಲ.

ಅಳತೆಯಿಂದ ಸಿಗುವವು, ಸಿಗದವು

ಚೆಂಡಿನ ವ್ಯಾಸ ಒಂದು ಮತ್ತು ಹದಿನಾರನೆಯ ಒಂದು ಇಂಚು, ಅಂದರೆ ಸುಮಾರು 27 ಮಿಲಿಮೀಟರ್; ತೂಕ ಸುಮಾರು 80 ಗ್ರಾಂ. ನಾಗದೇವಿ ಸ್ಟ್ರೀಟಿನ ಬೇರಿಂಗ್ ಅಂಗಡಿಗಳಲ್ಲಿ ಈ ಅಳತೆಯ ಉಕ್ಕಿನ ಗುಂಡು ಕೇಳಿದರೆ ಸಿಗಬಹುದು, ಆದರೆ ಬೇರಿಂಗಿನ ಕ್ರೋಮ್ ಉಕ್ಕು ಬೇಗ ಕಾಂತತ್ವ ಹಿಡಿಯುವುದರಿಂದ ಕಾರ್ಬನ್ ಉಕ್ಕಿನದನ್ನೇ ಕೇಳಿ, ಮೇಲ್ಮೈ ಕನ್ನಡಿಯಂತಿರಬೇಕು. ಗೀರು ಬಿದ್ದ ಚೆಂಡು ಆಟದ ಹಲಗೆಯ ಬಣ್ಣವನ್ನು ಉಜ್ಜಿ ತೆಗೆಯುತ್ತದೆ, ಮತ್ತು ಆ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ರಬ್ಬರ್ ಉಂಗುರಗಳ ವಿಷಯದಲ್ಲಿ ನಾಗದೇವಿ ಅರ್ಧ ಸಹಾಯ ಮಾತ್ರ ಮಾಡುತ್ತದೆ. ಅಲ್ಲಿ ಸಿಗುವ ನೈಟ್ರೈಲ್ ಓ-ರಿಂಗ್ ಸಾಮಾನ್ಯವಾಗಿ 70 ಶೋರ್ ಎ ಗಡಸಿನದು, ಪಿನ್‌ಬಾಲಿಗೆ ಬೇಕಾದದ್ದು ಅದಕ್ಕಿಂತ ಬಹಳ ಮೃದು. ಒಂಟಿ ಕಂಬಗಳಿಗೆ ಅದು ನಡೆಯುತ್ತದೆ; ಚೆಂಡನ್ನು ಚಿಮ್ಮಿಸಬೇಕಾದ ಸ್ಲಿಂಗ್‌ಶಾಟ್ ಮತ್ತು ಫ್ಲಿಪ್ಪರುಗಳಿಗೆ ಹಾಕಿದರೆ ಆಟವೇ ಸಪ್ಪೆಯಾಗುತ್ತದೆ. ಆ ಉಂಗುರಗಳನ್ನು ಯಂತ್ರದ ಹೆಸರು ಹೇಳಿ ಪೂರ್ತಿ ಕಿಟ್ಟಾಗಿ ಹೊರದೇಶದಿಂದ ತರಿಸುವುದೇ ಸರಿ.

ತಿರುಪುಗಳು 6-32, 8-32, 10-32 ಎಂಬ ಅಮೆರಿಕನ್ ಹಲ್ಲಿನವು. 4 ಮಿಲಿಮೀಟರಿನ ತಿರುಪು 8-32ರ ರಂಧ್ರದಲ್ಲಿ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ, ಅನಂತರ ಹಲ್ಲು ಕಿತ್ತುಬಿಡುತ್ತದೆ. 6-32 ಹುಡುಕುತ್ತ ಅಲೆಯಬೇಕಾಗಿಲ್ಲ, ಕಂಪ್ಯೂಟರ್ ಕ್ಯಾಬಿನೆಟ್ಟಿನ ಸಾಮಾನ್ಯ ತಿರುಪು ಅದೇ. ಕಾಲಿನ ಬೋಲ್ಟ್ 3/8 ಇಂಚು, ಇಂಚಿಗೆ 16 ಹಲ್ಲಿನದು. 3/8 ವಿಟ್‌ವರ್ತ್ ಬೋಲ್ಟಿನಲ್ಲೂ ಹಲ್ಲುಗಳು ಹದಿನಾರೇ ಆದ್ದರಿಂದ, ಕೋನದಲ್ಲಿ ತುಸು ವ್ಯತ್ಯಾಸವಿದ್ದರೂ, ಅದು ಕೂರುತ್ತದೆ.

ದೀಪ: 44 ಮತ್ತು 47 ಸಂಖ್ಯೆಯ ಬಲ್ಬುಗಳು 6.3 ವೋಲ್ಟಿನವು, ಕ್ರಮವಾಗಿ 250 ಮತ್ತು 150 ಮಿಲಿಆಂಪಿಯರ್ ಎಳೆಯುತ್ತವೆ. ವಾಲ್ವ್ ರೇಡಿಯೊದ ಡಯಲ್ ಬಲ್ಬುಗಳಲ್ಲಿ ಇದೇ ವೋಲ್ಟೇಜಿನ, ಬಯೊನೆಟ್ ತಳದವು ಇವೆ. ವಾಹನದ 12 ವೋಲ್ಟಿನ ಬಲ್ಬ್ ಅದೇ ತಳದಲ್ಲಿ ಕೂರುತ್ತದೆ, ಆದರೆ ಮಂಕಾಗಿ ಉರಿಯುತ್ತದೆ. 47ನ್ನೇ ಆರಿಸಿ, ಬಿಸಿ ಕಡಿಮೆಯಾಗಿ ಹಿಂದಿನ ಗಾಜಿನ ಚಿತ್ರಕ್ಕೆ ಒಳ್ಳೆಯದು.

ಸಾಲಿಡ್ ಸ್ಟೇಟ್ ಯಂತ್ರ ಎದ್ದೇಳದಿದ್ದರೆ

1977ರಿಂದಾಚೆಗಿನ ಬ್ಯಾಲಿ ಯಂತ್ರಗಳ ಮುಖ್ಯ ಬೋರ್ಡು ತನ್ನ ದೋಷವನ್ನು ತಾನೇ ಹೇಳುತ್ತದೆ. ಸ್ವಿಚ್ ಹಾಕಿದೊಡನೆ ಬೋರ್ಡಿನ ಎಲ್‌ಇಡಿ ಒಮ್ಮೆ ಮಿನುಗಿ, ಅನಂತರ ಏಳು ಬಾರಿ ಹೊಳೆಯಬೇಕು. ಒಂದೊಂದು ಹೊಳಪೂ ಒಂದು ಪರೀಕ್ಷೆ ದಾಟಿದ ಗುರುತು: ಮೊದಲನೆಯದು ಪ್ರೋಗ್ರಾಮಿರುವ ರೋಮ್ ಚಿಪ್ಪುಗಳದು. ಎರಡನೆಯದು 6810, ಮೂರನೆಯದು 5101 ಎಂಬ ರಾಮ್ ಚಿಪ್ಪುಗಳದು. ನಾಲ್ಕು ಮತ್ತು ಐದನೆಯವು ಹೊರಗಿನ ಭಾಗಗಳ ಜೊತೆ ಸಂಕೇತ ವಿನಿಮಯ ಮಾಡುವ ಎರಡು ಪಿಐಎ ಚಿಪ್ಪುಗಳದು. ಆರನೆಯದು 555 ಟೈಮರಿನದು. ಏಳನೆಯದು ಕಾಯಿಲುಗಳ 43 ವೋಲ್ಟ್ ಸಾಲು ಮತ್ತು ಝೀರೊ ಕ್ರಾಸಿಂಗ್ (ಎಸಿ ವೋಲ್ಟೇಜ್ ಸೊನ್ನೆ ದಾಟುವ ಕ್ಷಣದ) ಸಂಕೇತದ್ದು. ಆರು ಹೊಳಪಿಗೇ ನಿಂತರೆ ಚಿಪ್ ಕೊಳ್ಳಲು ಹೊರಡಬೇಡಿ, ಮೊದಲು ಕಾಯಿಲುಗಳ ಸಾಲಿನ ಫ್ಯೂಸ್ ನೋಡಿ. ಮಿನುಗೂ ಇಲ್ಲದಿದ್ದರೆ ಬೋರ್ಡಿನ ಮೇಲಿನ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರವನ್ನು ತಿಂದಿದೆಯೇ ನೋಡಬೇಕು. ಹಸಿರು ಪುಡಿ ಕಂಡಲ್ಲಿ ಬ್ಯಾಟರಿಯನ್ನು ಕತ್ತರಿಸಿ ತೆಗೆದು, ವಿನಿಗರಿನಿಂದ ಕ್ಷಾರವನ್ನು ಶಮನಗೊಳಿಸಿ, ತೊಳೆದು ಒಣಗಿಸಿದ ಮೇಲೆಯೇ ಮುಂದಿನ ಪರೀಕ್ಷೆ.

ಚಿಪ್ಪುಗಳ ಜೊತೆಗೆ ಕನೆಕ್ಟರುಗಳನ್ನೂ ಅನುಮಾನಿಸಿ. 3.96 ಮಿಲಿಮೀಟರ್ ಅಂತರದ ಪಿನ್ನುಗಳು ಮತ್ತು ಕ್ರಿಂಪ್ ಟರ್ಮಿನಲ್ಲುಗಳು ಲ್ಯಾಮಿಂಗ್ಟನ್ ರಸ್ತೆಯಲ್ಲಿ ದೊರೆಯುತ್ತವೆ. ಪುಣೆಯವರು ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನೋಡಬಹುದು. ಕಪ್ಪಾದ ಕನೆಕ್ಟರಿನ ಎರಡೂ ಬದಿಯನ್ನು ಬದಲಿಸಬೇಕು, ಒಂದನ್ನಷ್ಟೇ ಬದಲಿಸಿದರೆ ಹಳೆಯದು ಹೊಸದನ್ನು ಸುಡುತ್ತದೆ.

ಯಂತ್ರ ಚಾಲೂ ಮಾಡಿದ ಕ್ಷಣದಿಂದ ಒಂದು ಕಾಯಿಲ್ ಎಳೆದುಕೊಂಡೇ ನಿಂತರೆ ಅದರ ಡ್ರೈವರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಬ್ಯಾಲಿಯ ಹಳೆಯ ಎಸ್‌ಇ9302ರ ಜಾಗಕ್ಕೆ ಟಿಐಪಿ102 ಒಪ್ಪಿತವಾದ ಬದಲಿ. ಅಂಗಡಿಯವರು ಟಿಐಪಿ122 ಕೊಟ್ಟು ಎರಡೂ ಒಂದೇ ಎನ್ನಬಹುದು. 122ರ ಪ್ರವಾಹದ ಮಿತಿ 5 ಆಂಪಿಯರ್, 102ರದು 8, ಆದ್ದರಿಂದ ವಿನಯದಿಂದ ಹಿಂತಿರುಗಿಸಿ. ಹೊಸದನ್ನು ಬೆಸುಗೆ ಹಾಕುವ ಮೊದಲು ಆ ಕಾಯಿಲಿನ ರೋಧ ಮತ್ತು ಡಯೋಡನ್ನು ಅಳೆಯದಿದ್ದರೆ ಮತ್ತೆ ಅದೇ ಅಂಗಡಿಗೆ ಹೋಗಬೇಕಾದೀತು. 5101ರಂತಹ ಹಳೆಯ ಚಿಪ್ಪುಗಳನ್ನು ಕೊಳ್ಳುವಾಗ ಮೇಲ್ಮೈಯನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿ ನೋಡಿ. ಅಕ್ಷರ ಅಳಿಸಿ ಕಪ್ಪು ಬಣ್ಣ ಹತ್ತಿಗೆ ಹತ್ತಿದರೆ ಅದು ಬೇರಾವುದೋ ಚಿಪ್ಪಿಗೆ ಹೊಸ ಹೆಸರು ಬರೆದದ್ದು. 5101ರ ಬದಲಿಗೆ ಬ್ಯಾಟರಿಯೇ ಬೇಡದ ಎನ್‌ವಿರಾಮ್ ಪುಟ್ಟ ಬೋರ್ಡನ್ನು ಹೊರಗಿನಿಂದ ತರಿಸಿದರೆ ಸೋರಿಕೆಯ ಚಿಂತೆಯೂ ತಪ್ಪುತ್ತದೆ.

ಹೊರದೇಶಕ್ಕೆ ಆರ್ಡರ್ ಕೊಡುವಾಗ

ಇಷ್ಟೆಲ್ಲ ಆದ ಮೇಲೆ ಉಳಿಯುವ ಪಟ್ಟಿ ಚಿಕ್ಕದು: ರಬ್ಬರ್ ಕಿಟ್, ಫ್ಲಿಪ್ಪರಿನ ಲಿಂಕ್ ಮತ್ತು ಪ್ಲಂಜರ್, ಕಾಯಿಲ್ ಸ್ಟಾಪ್, ಸ್ಲೀವ್, ಟಂಗ್‌ಸ್ಟನ್ ಬಿಂದುವಿನ ಸ್ವಿಚ್ಚುಗಳು, ಎನ್‌ವಿರಾಮ್. ಇವೆಲ್ಲ ಹಗುರವಾದವು, ಒಂದೇ ಪೊಟ್ಟಣದಲ್ಲಿ ಬರುತ್ತವೆ. ಯಂತ್ರದ ನಿಖರ ಹೆಸರು, ತಯಾರಕರು ಮತ್ತು ವರ್ಷವನ್ನು ಇಂಟರ್ನೆಟ್ ಪಿನ್‌ಬಾಲ್ ಡೇಟಾಬೇಸಿನಲ್ಲಿ ಹೋಲಿಸಿ ಖಚಿತಪಡಿಸಿಕೊಂಡು, ಭಾಗದ ಮೂಲ ಸಂಖ್ಯೆಯ ಜೊತೆಗೆ ನೀವು ಅಳೆದ ಉದ್ದ, ವ್ಯಾಸ ಮತ್ತು ರೋಧವನ್ನೂ ಬರೆದು ಕಳುಹಿಸಿ. ಒಂದೇ ತಯಾರಕರ ಎರಡು ವರ್ಷಗಳ ಪ್ಲಂಜರುಗಳ ನಡುವೆಯೂ ಉದ್ದದಲ್ಲಿ ವ್ಯತ್ಯಾಸ ಇರುತ್ತದೆ. ಚಿತ್ರ ಬಿಡಿಸಿದ ಹಿಂದಿನ ಗಾಜನ್ನು ಈ ಪಟ್ಟಿಗೆ ಸೇರಿಸುವ ಮೊದಲು ಎರಡು ಬಾರಿ ಯೋಚಿಸಿ, ಅದು ದಾರಿಯಲ್ಲಿ ಒಡೆಯುವ ವಸ್ತು. ಇರುವ ಗಾಜಿನ ಬಣ್ಣ ಹಕ್ಕಳೆ ಏಳುತ್ತಿದ್ದರೆ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಮುಟ್ಟದೆ, ಒಣಹವೆಯ ದಿನವೊಂದನ್ನು ಆರಿಸಿ, ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ತೆಳುವಾಗಿ ಹಲವು ಪದರ ಹೊಡೆಯಿರಿ. ಮೊದಲ ಪದರವನ್ನು ಅಂಚಿನ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಬಣ್ಣ ಕರಗುವುದಿಲ್ಲವೆಂದು ಕಂಡ ಮೇಲೆ ಉಳಿದ ಭಾಗಕ್ಕೆ ಹೊಡೆಯಬಹುದು.